ಬೆಲ್ಲದ ಬಣ್ಣ ಯಾರಿಗಾಗಿ?



ಹೆತ್ತವರ ನೆನಪಿಗೆ ವರ್ಷಕ್ಕೊಂದು ದಿನ ಊರಿನವರು ಕೂತು ಒಂದು ವಿಷಯ ಯೋಚಿಸಲಿ ಎಂದು ಒಂದು ಕುಟುಂಬ ಈ ದತ್ತಿ ಉಪನ್ಯಾಸಕ್ಕೆ ಹಣ ಇಟ್ಟಿದೆ. ಅಂಥ ವೇದಿಕೆಯಲ್ಲಿ ನಿಂತಾಗ ಗೊತ್ತಿರುವುದನ್ನಷ್ಟೇ ಹೇಳಬೇಕು, ಹೇಳಿದ್ದು ಮನೆಗೆ ಹೋದ ಮೇಲೂ ಉಪಯೋಗಕ್ಕೆ ಬರಬೇಕು. ನೈಸರ್ಗಿಕ ಮತ್ತು ಸಾವಯವ ಆಹಾರಗಳಿಗೆ ಸೇರಿಸುವ ವಸ್ತುಗಳು ಮತ್ತು ಅವುಗಳ ಸುರಕ್ಷತೆ ಎಂಬುದು ನನಗೆ ಕೊಟ್ಟಿರುವ ವಿಷಯ. ದೊಡ್ಡ ವಿಷಯ. ಅದನ್ನು ನಾನು ಬೆಲ್ಲದಿಂದ ಪ್ರವೇಶಿಸುತ್ತೇನೆ. ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು ಬೆಳೆದ ಮನೆ ನಮ್ಮದು. ಆಹಾರ ವಿಜ್ಞಾನವನ್ನು ಕಾಲೇಜಿನಲ್ಲಿ ಕಲಿತೆ, ಆಮೇಲೆ ಕಲಿಸಿದೆ. ಆದರೆ ಆಹಾರಕ್ಕೆ ಏನು ಸೇರಿಸುತ್ತಾರೆ, ಯಾಕೆ ಸೇರಿಸುತ್ತಾರೆ ಎಂಬ ಮೊದಲ ಪಾಠ ಆಗಿದ್ದು ಆಲೆಮನೆಯಲ್ಲಿ.

ಆಲೆಮನೆ ನೋಡದ ವಿದ್ಯಾರ್ಥಿಗಳು ಇಲ್ಲಿ ಇರಬಹುದು, ಅವರಿಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಗಾಣದಿಂದ ಇಳಿಯುವ ಕಬ್ಬಿನ ಹಾಲು ಬಣ್ಣದಲ್ಲಿ ಹಸಿರುಗಪ್ಪು, ಸ್ವಲ್ಪ ಹುಳಿ. ಅದನ್ನು ಅಗಲವಾದ ಕೊಪ್ಪರಿಗೆಗೆ ಸುರಿದು, ಒಣಗಿದ ಕಬ್ಬಿನ ರಚ್ಚನ್ನೇ ಒಲೆಗೆ ಹಾಕಿ ಕಾಯಿಸುತ್ತಾರೆ. ಹಾಲು ಬಿಸಿಯಾಗುತ್ತಿದ್ದಂತೆ ಒಂದಿಷ್ಟು ಸುಣ್ಣದ ತಿಳಿ ಬೀಳುತ್ತದೆ. ಹುಳಿ ಇಳಿಯಬೇಕು, ಇಳಿಯದಿದ್ದರೆ ಸಕ್ಕರೆ ಅಂಶ ಒಡೆದು ಬೆಲ್ಲ ಗಟ್ಟಿ ನಿಲ್ಲುವುದಿಲ್ಲ. ಆಮೇಲೆ ಬೆಂಡೆ ಗಿಡದ ಕಾಂಡ, ಬೇರು ಜಜ್ಜಿ ನೀರಿನಲ್ಲಿ ಹಿಸುಕಿದ ಲೋಳೆ. ಆ ಲೋಳೆ ಹಾಲಿನಲ್ಲಿರುವ ಕಸ, ಮೇಣ, ಮಣ್ಣನ್ನೆಲ್ಲ ಅಪ್ಪಿಕೊಂಡು ಮೇಲಕ್ಕೆ ತರುತ್ತದೆ. ಮೇಲೆ ಕಟ್ಟಿದ ಮಡ್ಡಿಯನ್ನು ಉದ್ದ ಹಿಡಿಯ ಜರಡಿಯಿಂದ ತೆಗೆಯುತ್ತಲೇ ಇರಬೇಕು. ಪಾಕ ಉಕ್ಕಿ ಬಂದರೆ ನಾಲ್ಕು ಹನಿ ಹರಳೆಣ್ಣೆ, ಉಕ್ಕು ತಟ್ಟನೆ ಕೂರುತ್ತದೆ. 116, 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಪಾಕ ಹದವಾಯಿತು ಎಂದು ಪುಸ್ತಕ ಹೇಳುತ್ತದೆ. ನಮ್ಮೂರಿನ ಪಾಕ ಹಿಡಿಯುವ ಮುದುಕರು ಥರ್ಮಾಮೀಟರ್ ಕಂಡವರಲ್ಲ. ತಣ್ಣೀರಿಗೆ ಒಂದು ಹನಿ ಬಿಟ್ಟು, ಅದನ್ನು ಬೆರಳಲ್ಲಿ ಉಂಡೆ ಮಾಡಿ, ಒಲೆಯ ದಂಡೆಗೆ ಹೊಡೆದು, ಬಂದ ಸದ್ದು ಕೇಳಿ, ‘ಇಳಿಸ್ರಪ್ಪಾ’ ಎನ್ನುತ್ತಿದ್ದರು.

ಸುಣ್ಣ, ಬೆಂಡೆ ಲೋಳೆ, ಹರಳೆಣ್ಣೆ. ಇವು ಮೂರೂ ಸೇರಿಸಿದ ವಸ್ತುಗಳೇ. ‘ಏನೂ ಸೇರಿಸದ ಅಪ್ಪಟ ಬೆಲ್ಲ’ ನಮ್ಮ ಅಜ್ಜಂದಿರ ಕಾಲದಲ್ಲೂ ಇರಲಿಲ್ಲ. ಸುಣ್ಣಕ್ಕೆ ಆಹಾರ ಸೇರ್ಪಡೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಐಎನ್‌ಎಸ್ 526 ಎಂಬ ಸಂಖ್ಯೆ ಇದೆ. ಹರಳೆಣ್ಣೆಗೂ ಇದೆ, 1503. ‘ರಾಸಾಯನಿಕ ಮುಕ್ತ’ ಎಂದು ಅಚ್ಚು ಹಾಕಿದ ಬೆಲ್ಲದ ಪೊಟ್ಟಣ ಕೈಗೆ ಬಂದಾಗಲೆಲ್ಲ ನನಗೆ ಆ ಸುಣ್ಣದ ಮಡಕೆ ನೆನಪಾಗುತ್ತದೆ. ಮಾತು ಒಳ್ಳೆಯ ಉದ್ದೇಶದ್ದೇ ಇರಬಹುದು, ಆದರೆ ಅದು ನಿಜವಲ್ಲ.

ಅದೇ ಆಲೆಮನೆಯ ಮೂಲೆಯಲ್ಲಿ, ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ, ಮುಚ್ಚಳ ಬಿಗಿಯಾದ ಒಂದು ಡಬ್ಬ ಬಂದು ಕೂತಿತ್ತು. ಒಳಗೆ ಬಿಳಿ ಪುಡಿ. ಮುಚ್ಚಳ ತೆಗೆದರೆ ಬೆಂಕಿಕಡ್ಡಿ ಗೀರಿದಂಥ ಗಂಧಕದ ಘಾಟು ಮೂಗಿಗೆ ಹೊಡೆಯುತ್ತಿತ್ತು. ಎಲ್ಲರೂ ಅದನ್ನು ‘ಹೈಡ್ರೋಸ್’ ಎನ್ನುತ್ತಿದ್ದರು. ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಅದರ ನಿಜವಾದ ಮನೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ನೀಲಿಯಂಥ ಬಣ್ಣಗಳನ್ನು ನೀರಿನಲ್ಲಿ ಕರಗುವಂತೆ ಮಾಡಲು, ಬಟ್ಟೆಯ ಬಣ್ಣ ಕಳೆಯಲು ಬಳಸುವ ಪುಡಿ. ಪಾಕಕ್ಕೆ ಒಂದು ಹಿಡಿ ಎರಚಿದರೆ ಕಂದು ಬಣ್ಣ ಕಣ್ಣೆದುರೇ ತಿಳಿಯಾಗಿ ಜೇನಿನ ಹಳದಿಗೆ ತಿರುಗುತ್ತದೆ. ನೋಡಿದವರಿಗೆ ಬೆರಗು. ನಾನೂ ಬೆರಗಾಗಿ ನಿಂತು ನೋಡಿದ್ದೇನೆ.

ಆ ಕಂದು ಬಣ್ಣ ಕೊಳೆಯಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕಬ್ಬಿನಲ್ಲಿರುವ ಪಾಲಿಫಿನಾಲ್‌ಗಳು ಗಾಳಿಗೆ, ಗಾಣದ ಕಬ್ಬಿಣಕ್ಕೆ ತಾಗಿ ಕಪ್ಪಾಗುತ್ತವೆ. ಸಕ್ಕರೆ ಅಂಶ ಮತ್ತು ಅಮೈನೋ ಆಮ್ಲಗಳು ಬಿಸಿಯಲ್ಲಿ ಕೂಡಿ ಕಂದುಗಟ್ಟುತ್ತವೆ. ದೋಸೆ ಕೆಂಪಗಾಗುವುದೂ ಕಾಫಿಬೀಜ ಹುರಿದಾಗ ಬಣ್ಣ ತಿರುಗುವುದೂ ಇದೇ ಬಗೆಯ ಕ್ರಿಯೆಯಿಂದ. ಬೆಲ್ಲದ ಪರಿಮಳ ಹುಟ್ಟುವುದೂ ಅಲ್ಲೇ. ಹೈಡ್ರೋಸ್ ಬೆಲ್ಲವನ್ನು ಶುದ್ಧ ಮಾಡುವುದಿಲ್ಲ, ಇರುವ ಬಣ್ಣವನ್ನು ಅಳಿಸುತ್ತದೆ, ಅಷ್ಟೇ. ಅದೂ ತಾತ್ಕಾಲಿಕ. ಮಂಡಿಯಲ್ಲಿ ಹೊಳೆದ ಬೆಲ್ಲ ಕೆಲವು ತಿಂಗಳಲ್ಲಿ ಮತ್ತೆ ಕಪ್ಪಿಗೆ ತಿರುಗುತ್ತದೆ.

ಹಾಗಾದರೆ ಯಾಕೆ ಹಾಕುತ್ತಾರೆ? ಈ ಪ್ರಶ್ನೆಯನ್ನು ನಾನು ಒಬ್ಬ ಆಲೆಮನೆ ಯಜಮಾನರಿಗೆ ನೇರವಾಗಿ ಕೇಳಿದ್ದೆ. ಅವರ ಉತ್ತರ ಇನ್ನೂ ಕಿವಿಯಲ್ಲಿದೆ: “ಏನ್ ಮಾಡದು ಮೇಷ್ಟ್ರೇ, ಕೆಂಪ್ ಬೆಲ್ಲ ತಕ್ಕೊಂಡೋದ್ರೆ ಮಂಡೀಲಿ ಮುಟ್ಟೋರಿಲ್ಲ. ಬೆಳ್ಳಗಿರೋದ್ಕೇ ರೇಟು. ನಮ್ಮನೇಗೆ ಬ್ಯಾರೆ ಮಾಡ್ಕತೀವಿ.” ತಮ್ಮ ಮಕ್ಕಳಿಗೆ ಕಂದು ಬೆಲ್ಲ, ನಮ್ಮ ಮಕ್ಕಳಿಗೆ ಹಳದಿ ಬೆಲ್ಲ. ಅವರ ಮೇಲೆ ಸಿಟ್ಟು ಬಂತು. ಮನೆಗೆ ಬರುವ ದಾರಿಯಲ್ಲಿ ಆ ಸಿಟ್ಟು ನನ್ನ ಕಡೆಗೇ ತಿರುಗಿತು. ಅಂಗಡಿಯಲ್ಲಿ ಎರಡು ರಾಶಿ ಇದ್ದಾಗ ಬೆಳ್ಳಗಿರುವುದನ್ನು ತೋರಿಸಿ ‘ಅದು ಕೊಡಿ’ ಎಂದು ಬೆರಳು ಚಾಚಿದವರು ನಾವೇ ಅಲ್ಲವೇ?

ಈಗ ಸುರಕ್ಷತೆಯ ಲೆಕ್ಕಕ್ಕೆ ಬರೋಣ. ಲೆಕ್ಕ ಇಲ್ಲದೆ ಮಾತಾಡಿದರೆ ಬರೀ ಭಯ ಹುಟ್ಟುತ್ತದೆ. ಹೈಡ್ರೋಸ್ ಹಾಕಿದ ಬೆಲ್ಲದಲ್ಲಿ ಉಳಿಯುವುದು ಮುಖ್ಯವಾಗಿ ಗಂಧಕದ ಡೈಆಕ್ಸೈಡ್, ಅಂದರೆ ಸಲ್ಫೈಟ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿಯೊಂದು 1956ರಿಂದ ಇಂಥ ವಸ್ತುಗಳನ್ನು ಒಂದೊಂದಾಗಿ ಪರಿಶೀಲಿಸುತ್ತಾ ಬಂದಿದೆ. ಅದು ಹಲವು ವಸ್ತುಗಳಿಗೆ ‘ದಿನವೂ ಜೀವಮಾನವಿಡೀ ತಿಂದರೂ ತೊಂದರೆಯಾಗದು’ ಎಂಬ ಒಂದು ಪ್ರಮಾಣ ಹೇಳುತ್ತದೆ. ಪ್ರಾಣಿಗಳಿಗೆ ಎಷ್ಟರವರೆಗೆ ಕೊಟ್ಟರೂ ಕೆಡುಕು ಕಾಣಲಿಲ್ಲವೋ ಆ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ ಹತ್ತು ಪಟ್ಟು, ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸಕ್ಕೆ ಇನ್ನೊಂದು ಹತ್ತು ಪಟ್ಟು. ಸಲ್ಫೈಟಿಗೆ ಬಂದ ಸಂಖ್ಯೆ ದೇಹದ ತೂಕದ ಪ್ರತಿ ಕಿಲೋಗೆ 0.7 ಮಿಲಿಗ್ರಾಂ.

ಮನೆಯ ಮಗುವಿನ ಮೇಲೆ ಇಟ್ಟು ನೋಡೋಣ. 20 ಕಿಲೋ ತೂಗುವ ಮಗುವಿಗೆ ದಿನಕ್ಕೆ 14 ಮಿಲಿಗ್ರಾಂ ಮೀರಬಾರದು. ಕಿಲೋ ಬೆಲ್ಲದಲ್ಲಿ 50 ಮಿಲಿಗ್ರಾಂ ಸಲ್ಫೈಟ್ ಉಳಿದಿದೆ ಎಂದುಕೊಳ್ಳಿ. ಹಬ್ಬದ ದಿನ ಒಬ್ಬಟ್ಟು, ಪಾಯಸ ಎಲ್ಲ ಸೇರಿ ಮಗು 50 ಗ್ರಾಂ ಬೆಲ್ಲ ತಿಂದರೆ ಒಳಗೆ ಹೋಗುವುದು ಎರಡೂವರೆ ಮಿಲಿಗ್ರಾಂ. ಗಾಬರಿ ಬೇಕಿಲ್ಲ. ಆದರೆ ಅದೇ ಬೆಲ್ಲಕ್ಕೆ ಲೆಕ್ಕವಿಲ್ಲದೆ ಹಿಡಿ ಹಿಡಿ ಪುಡಿ ಬಿದ್ದು, ಕಿಲೋಗೆ 500 ಮಿಲಿಗ್ರಾಂ ಉಳಿದಿದ್ದರೆ? 50 ಗ್ರಾಂನಲ್ಲೇ 25 ಮಿಲಿಗ್ರಾಂ ಆಯಿತು, ಮಿತಿಯ ಸುಮಾರು ಎರಡು ಪಟ್ಟು. ಕೊಪ್ಪರಿಗೆಯ ಮುಂದೆ ತಕ್ಕಡಿ ಇರುವುದಿಲ್ಲ, ಹಿಡಿಯೇ ಅಳತೆ. ಅದಲ್ಲದೆ ಐಎನ್‌ಎಸ್ ಪಟ್ಟಿಯಲ್ಲಿ ಗಂಧಕದ ಡೈಆಕ್ಸೈಡಿಗೆ 220 ಎಂಬ ಸಂಖ್ಯೆ ಇದೆ, ಅದರ ಬಂಧುಗಳಾದ ಹಲವು ಸಲ್ಫೈಟ್‌ಗಳಿಗೆ ಅದರ ಮುಂದಿನ ಸಂಖ್ಯೆಗಳಿವೆ. ಹೈಡ್ರೋಸ್ ಪುಡಿಗೆ ಸಂಖ್ಯೆಯೇ ಇಲ್ಲ. ಆಹಾರಕ್ಕೆಂದು ತಯಾರಾಗದ ಪುಡಿಯಲ್ಲಿ ಬೇರೆ ಏನೇನು ಕಲ್ಮಶ ಇದೆ ಎಂಬುದಕ್ಕೆ ಹೊಣೆ ಹೊರುವವರೂ ಇಲ್ಲ.

ಇನ್ನೊಂದು ಮಾತು. ಸರಾಸರಿ ಮನುಷ್ಯನಿಗೆ ಸುರಕ್ಷಿತವಾದದ್ದು ಎಲ್ಲರಿಗೂ ಸುರಕ್ಷಿತವಲ್ಲ. ಅಸ್ತಮಾ ಇರುವ ಕೆಲವರಿಗೆ ಅಲ್ಪ ಸಲ್ಫೈಟೂ ಉಸಿರು ಕಟ್ಟಿಸುತ್ತದೆ. ಅಮೆರಿಕದಲ್ಲಿ ಹೋಟೆಲಿನ ಹಸಿ ತರಕಾರಿ ಬಾಡದಿರಲಿ ಎಂದು ಸಲ್ಫೈಟ್ ಚಿಮುಕಿಸುತ್ತಿದ್ದ ಕಾಲದಲ್ಲಿ ಸಾವುಗಳೇ ಸಂಭವಿಸಿ, 1986ರಲ್ಲಿ ಹಸಿ ಹಣ್ಣು ತರಕಾರಿಗಳ ಮೇಲೆ ಅದನ್ನು ನಿಷೇಧಿಸಿದರು. ನಮ್ಮ ದೇಶದ ಲೇಬಲ್ ನಿಯಮದಲ್ಲೂ ಕಿಲೋಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಲ್ಫೈಟ್ ಇದ್ದರೆ ಅಲರ್ಜಿಯ ಎಚ್ಚರಿಕೆಯಾಗಿ ನಮೂದಿಸಬೇಕು. ಸಲ್ಫೈಟ್ ಆಹಾರದಲ್ಲಿರುವ ಬಿ1 ಜೀವಸತ್ವವನ್ನೂ ನಾಶಮಾಡುತ್ತದೆ. 2022ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಇದನ್ನು ಮತ್ತೆ ಕೈಗೆತ್ತಿಕೊಂಡು, ಮಾಹಿತಿ ಸಾಲದು ಎಂದು ತಾನು ಪಾಲಿಸುತ್ತಿದ್ದ ಇದೇ 0.7ರ ಮಿತಿಯನ್ನು ಹಿಂತೆಗೆದುಕೊಂಡಿತು; ಸಲ್ಫೈಟ್ ಹೆಚ್ಚು ತಿನ್ನುವವರ ಆರೋಗ್ಯದ ಬಗ್ಗೆ ಆತಂಕವನ್ನೂ ಹೇಳಿತು. ವಿಜ್ಞಾನ ಹೀಗೆ ತನ್ನ ಮಾತನ್ನು ತಾನೇ ತಿದ್ದಿಕೊಳ್ಳುತ್ತದೆ. ಅದು ದೌರ್ಬಲ್ಯವಲ್ಲ. ತಿದ್ದಿಕೊಂಡದ್ದನ್ನು ನಾವು ಕೇಳಿಸಿಕೊಳ್ಳಬೇಕು.

ಇಷ್ಟು ಕೇಳಿದ ಮೇಲೆ ‘ಸರಿ, ಇನ್ನು ಮುಂದೆ ಸಂಖ್ಯೆ ಇರುವ ಯಾವುದನ್ನೂ ಕೊಳ್ಳುವುದಿಲ್ಲ’ ಎಂದು ತಾಯಂದಿರು ತೀರ್ಮಾನಿಸಿಬಿಡಬಹುದು. ಅದೂ ತಪ್ಪು ದಾರಿ. ಸಂಖ್ಯೆ ಎಂದರೆ ವಿಷ ಎಂದಲ್ಲ, ಪರೀಕ್ಷೆ ಮಾಡಿ ದಾಖಲೆಗೆ ಸೇರಿಸಿದ ವಸ್ತು ಎಂದು. ನಿಮ್ಮ ಅಡುಗೆ ಮನೆಯ ಅರಿಸಿನದ ಬಣ್ಣ 100. ಬೋಂಡಾಕ್ಕೆ ಹಾಕುವ ಸೋಡ 500. ಸಿ ಜೀವಸತ್ವ 300. ಹಣ್ಣಿನ ಜಾಮ್ ಗಟ್ಟಿಯಾಗಿಸುವ ಪೆಕ್ಟಿನ್ 440. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಮೆಣಸಿನಕಾಯಿಯಿಂದ ತೆಗೆದ ಕೆಂಪು ಓಲಿಯೊರೆಸಿನ್ ಲೋಕದ ಎಷ್ಟೋ ತಿನಿಸುಗಳಿಗೆ ಕೃತಕ ಬಣ್ಣದ ಬದಲಿಗೆ ಹೋಗುತ್ತದೆ, ಅದರ ಸಂಖ್ಯೆ 160ಸಿ. ಆದರೆ ಆ ಬಣ್ಣ ಮೆಣಸಿನಕಾಯಿಯಿಂದ ತಾನಾಗಿ ಹೊರಬರುವುದಿಲ್ಲ; ಅದನ್ನು ದ್ರಾವಕ ಹಾಕಿ ಹಿಂಡಬೇಕು, ಆಮೇಲೆ ದ್ರಾವಕವನ್ನು ಆರಿಸಬೇಕು. ‘ನೈಸರ್ಗಿಕ ಬಣ್ಣ’ ಎಂಬ ಎರಡು ಪದಗಳ ಹಿಂದೆ ಒಂದು ಕಾರ್ಖಾನೆ ಇದೆ. ಆ ಕಾರ್ಖಾನೆ ದ್ರಾವಕದ ಉಳಿಕೆಯನ್ನು ಮಿತಿಯೊಳಗೆ ಇಟ್ಟಿದೆಯೇ ಎಂದು ಕೇಳಬೇಕು.

ಸಿಟ್ರಿಕ್ ಆಮ್ಲ, 330, ಇನ್ನೂ ಸ್ವಾರಸ್ಯದ್ದು. ನಿಂಬೆಹಣ್ಣಿನ ಹುಳಿ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತದ್ದು. ಆದರೆ ನೂರು ವರ್ಷಗಳಿಂದ ಪೇಟೆಗೆ ಬರುವ ಸಿಟ್ರಿಕ್ ಆಮ್ಲದ ಬಹುಪಾಲು ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟಿಗೆ ಸಕ್ಕರೆಯನ್ನೋ ಕಾಕಂಬಿಯನ್ನೋ ಉಣಿಸಿ ಪಡೆದದ್ದು. ಸಾವಯವ ಪ್ರಮಾಣಪತ್ರ ಪಡೆದ ತಿನಿಸುಗಳಲ್ಲೂ ಅದಕ್ಕೆ ಅವಕಾಶವಿದೆ. ಇದು ಮೋಸವಲ್ಲ. ಮೊಸರು ಹೆಪ್ಪಾಗುವುದು, ಇಡ್ಲಿ ಹಿಟ್ಟು ಹುದುಗುವುದು ಹೇಗೋ ಇದೂ ಹಾಗೆಯೇ ಸೂಕ್ಷ್ಮಜೀವಿಗಳ ಕೆಲಸ. ಆದರೆ ಪೊಟ್ಟಣದ ಮೇಲಿನ ನಿಂಬೆಹಣ್ಣಿನ ಚಿತ್ರ ನೋಡಿ ನಿಂಬೆ ಹಿಂಡಿದ್ದಾರೆ ಎಂದು ತಿಳಿಯಬೇಡಿ.

ಸಹಜವಾದದ್ದೆಲ್ಲ ಸುರಕ್ಷಿತ ಎಂಬುದಂತೂ ನಮ್ಮ ಹಿರಿಯರೇ ಒಪ್ಪದ ಮಾತು. ಲಾಡುವಿಗೆ ಪಚ್ಚಕರ್ಪೂರ ಹಾಕುವಾಗ ಅಜ್ಜಿಯರು ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಮೇಲಿನ ಗೂಡಿನಲ್ಲಿ ಇಡುತ್ತಿದ್ದರು. ಚಿಟಿಕೆ ಮೀರಿದರೆ ಕರ್ಪೂರ ಚಿಕ್ಕ ಮಕ್ಕಳಿಗೆ ಫಿಟ್ಸ್ ತರುತ್ತದೆ ಎಂಬುದು ಇಂದಿನ ವೈದ್ಯರಿಗೂ ಗೊತ್ತು. ಅಮೆರಿಕದಲ್ಲಿ ‘ನೈಟ್ರೈಟ್ ಸೇರಿಸಿಲ್ಲ’ ಎಂದು ಮಾರುವ ಸಂಸ್ಕರಿಸಿದ ಮಾಂಸಕ್ಕೆ ಸೆಲೆರಿ ಸೊಪ್ಪಿನ ಪುಡಿ ಹಾಕುತ್ತಾರೆ. ಆ ಸೊಪ್ಪಿನಲ್ಲಿ ನೈಟ್ರೇಟ್ ಹೇರಳ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಹೊಟ್ಟೆಗೆ ಹೋಗುವ ನೈಟ್ರೈಟ್ ಎರಡೂ ಕಡೆ ಒಂದೇ. ಸೊಪ್ಪಿನಿಂದ ಬಂದೆ ಎಂದು ಅದು ದೇಹದೊಳಗೆ ಬೇರೆ ನಡತೆ ತೋರುವುದಿಲ್ಲ.

ಹಾಗಾದರೆ ‘ಸಾವಯವ’ ಎಂಬ ಮಾತಿಗೆ ಏನು ಬೆಲೆ? ಬೆಲೆ ಇದೆ, ದೊಡ್ಡ ಬೆಲೆಯೇ ಇದೆ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ರೂಪಿಸಿದ ರಾಜ್ಯ. ಮಣ್ಣಿಗೆ, ನೀರಿಗೆ, ಹೊಲದಲ್ಲಿ ಕೆಲಸ ಮಾಡುವವರ ಮೈಗೆ ವಿಷ ತಾಗದಿರಲಿ ಎಂಬುದು ಆ ಮಾತಿನ ಮೊದಲ ಅರ್ಥ. ಆದರೆ ಅದು ಮುಖ್ಯವಾಗಿ ಹೊಲದ ಮಾತು. ಹೊಲದಿಂದ ಪೊಟ್ಟಣದವರೆಗಿನ ದಾರಿಗೆ ಬೇರೆ ನಿಯಮಗಳು ಬೇಕಾಗುತ್ತವೆ, ಅವೂ ಇವೆ. ಯುರೋಪಿನಲ್ಲಿ ಸಾಮಾನ್ಯ ಆಹಾರಕ್ಕೆ ಮುನ್ನೂರಕ್ಕೂ ಹೆಚ್ಚು ಸೇರ್ಪಡೆಗಳಿಗೆ ಒಪ್ಪಿಗೆ ಇದ್ದರೆ, ಸಾವಯವಕ್ಕೆ ಐವತ್ತರ ಆಸುಪಾಸು. ಕೃತಕ ಬಣ್ಣ, ಕೃತಕ ಸಿಹಿ ಆ ಪಟ್ಟಿಯಲ್ಲಿಲ್ಲ. ಇದು ಸಣ್ಣ ಲಾಭವಲ್ಲ.

ಆ ಪಟ್ಟಿ ಆಕಾಶದಿಂದ ಇಳಿದದ್ದೂ ಅಲ್ಲ. ಸಮುದ್ರದ ಕೆಂಪು ಪಾಚಿಯಿಂದ ತೆಗೆಯುವ ಕ್ಯಾರಜೀನನ್ ಎಂಬ ಅಂಟನ್ನು ಸಾವಯವ ಪಟ್ಟಿಯಿಂದ ತೆಗೆಯಿರಿ ಎಂದು ಅಮೆರಿಕದ ಸಾವಯವ ಸಲಹಾ ಮಂಡಳಿ 2016ರಲ್ಲಿ ಹೇಳಿತು. 2018ರಲ್ಲಿ ಅಲ್ಲಿನ ಕೃಷಿ ಇಲಾಖೆ ಅದನ್ನು ಪಟ್ಟಿಯಲ್ಲೇ ಉಳಿಸಿತು. ಸಾವಯವ ವೈನ್‌ಗೆ ಸಲ್ಫೈಟ್ ಸೇರಿಸಲು ಅಮೆರಿಕ ಒಪ್ಪುವುದಿಲ್ಲ, ಯುರೋಪ್ 2012ರಿಂದ ಕಡಿಮೆ ಮಿತಿಯಲ್ಲಿ ಒಪ್ಪುತ್ತದೆ. ಪದ ಒಂದೇ, ಗೆರೆ ಎರಡು.

ನಮ್ಮಲ್ಲಿ 2017ರಲ್ಲಿ ಸಾವಯವ ಆಹಾರ ನಿಯಮಗಳು ಬಂದವು, ‘ಜೈವಿಕ್ ಭಾರತ್’ ಎಂಬ ಮುದ್ರೆ ಬಂತು. 2018ರ ಜಾಹೀರಾತು ನಿಯಮಗಳು ‘ನ್ಯಾಚುರಲ್’, ‘ಫ್ರೆಶ್’, ‘ಪ್ಯೂರ್’ ಮುಂತಾದ ಪದಗಳನ್ನು ಮನಬಂದಂತೆ ಬಳಸದಂತೆ ಷರತ್ತು ಹಾಕಿವೆ. ಇಷ್ಟಿದ್ದೂ ನಡೆಯುವುದೇನು? ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ಹತ್ತಿರದ ಒಂದು ಅಂಗಡಿಯಲ್ಲಿ ‘ಅಪ್ಪಟ ಸಾವಯವ ಬೆಲ್ಲ’ ಎಂದು ಬರೆದ ಪೊಟ್ಟಣ ಕೊಂಡೆ. ಒಳಗಿನ ಅಚ್ಚುಗಳು ಮಾಗಿದ ನಿಂಬೆಹಣ್ಣಿನ ಬಣ್ಣ. ಮನೆಯಲ್ಲಿ ಕನ್ನಡಕ ಹಾಕಿಕೊಂಡು ನಾಲ್ಕೂ ಮಗ್ಗುಲು ಓದಿದೆ. ಜೈವಿಕ್ ಭಾರತ್ ಮುದ್ರೆ ಇಲ್ಲ, ಪ್ರಮಾಣಪತ್ರದ ಸಂಖ್ಯೆ ಇಲ್ಲ, 14 ಅಂಕಿಯ ಲೈಸೆನ್ಸ್ ಸಂಖ್ಯೆಯೂ ಇಲ್ಲ. ಒಂದು ಎಲೆಯ ಚಿತ್ರ, ಒಂದು ಹಸುವಿನ ಚಿತ್ರ ಇತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಡಬ್ಬಿಯಲ್ಲಿ ಉಳಿದದ್ದು ಕಪ್ಪಾಗಿತ್ತು. ಕಪ್ಪಾದದ್ದೊಂದೇ ಸಾಕ್ಷಿಯಲ್ಲ, ತೇವ ಕುಡಿದರೂ ಬೆಲ್ಲ ಕಪ್ಪಾಗುತ್ತದೆ. ನಾನು ದುಡ್ಡು ಕೊಟ್ಟದ್ದು ಎಲೆಯ ಚಿತ್ರಕ್ಕೆ ಎಂಬುದು ಮಾತ್ರ ಖಾತ್ರಿ.

ಬಣ್ಣದ ಮೋಹ ಬೆಲ್ಲಕ್ಕೆ ನಿಲ್ಲುವುದಿಲ್ಲ. ವಿಜಯಪುರ ದ್ರಾಕ್ಷಿಯ ನಾಡು. ಬಂಗಾರದ ಬಣ್ಣದ ಒಣದ್ರಾಕ್ಷಿ ಬೇಕು ಎಂದು ನಾವು ಕೇಳುವುದರಿಂದ ಗಂಧಕದ ಹೊಗೆ ಕೊಡುತ್ತಾರೆ, ಕೊಡದಿದ್ದರೆ ಅದು ಕಂದಾಗುತ್ತದೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಗೆ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ. ಸಿಕ್ಕಿಬಿದ್ದ ರೋಡಮೈನ್-ಬಿ ಕೂಡ ಬಟ್ಟೆಯ ಬಣ್ಣವೇ. ಹೈಡ್ರೋಸ್ ಬಟ್ಟೆಯ ಬಣ್ಣ ಕಳೆಯುವುದು, ಇದು ಬಟ್ಟೆಗೆ ಬಣ್ಣ ಕೊಡುವುದು. ಎರಡೂ ನಮ್ಮ ತಟ್ಟೆಗೆ ಬಂದದ್ದು ಕಣ್ಣಿನ ಆಸೆಯಿಂದ; ನಾಲಿಗೆಗಾಗಲೀ ಹೊಟ್ಟೆಗಾಗಲೀ ಅವು ಬೇಕಿರಲಿಲ್ಲ.

ಇಂಗಿನ ಡಬ್ಬಿಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾವು ಬಳಸುವ ಇಂಗು ಬಹುತೇಕ ಕೂಟು ಇಂಗು. ಅದರಲ್ಲಿ ಗೋಂದು ಇರುತ್ತದೆ, ಹಿಟ್ಟು ಇರುತ್ತದೆ, ಹಲವು ಡಬ್ಬಿಗಳಲ್ಲಿ ಅದು ಗೋಧಿ ಅಥವಾ ಮೈದಾ ಹಿಟ್ಟು. ಗೋಧಿ ಒಗ್ಗದ ಕಾಯಿಲೆ ಇರುವವರ ಮನೆಯಲ್ಲಿ ಚಪಾತಿ ಬಿಟ್ಟು, ಬ್ರೆಡ್ ಬಿಟ್ಟು, ಸಾರಿನ ಒಗ್ಗರಣೆಯಲ್ಲಿ ಅದೇ ಗೋಧಿಯನ್ನು ದಿನವೂ ಕೊಡುತ್ತಿರುವುದನ್ನು ನಾನು ನೋಡಿದ್ದೇನೆ. ಹಿಂಬದಿಯ ಸಣ್ಣ ಅಕ್ಷರ ಓದಿದ್ದರೆ ಆ ರೋಗಿಗೆ ತಿಂಗಳುಗಟ್ಟಲೆ ಸಂಕಟ ತಪ್ಪುತ್ತಿತ್ತು.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ: ಪೊಟ್ಟಣದ ಮುಂಭಾಗ ಮಾರುವವರ ಮಾತು, ಹಿಂಭಾಗ ಕಾನೂನಿನ ಮಾತು. ಹಿಂಭಾಗ ಓದಿ, ಓದಲು ಬಾರದ ಹಿರಿಯರಿಗೆ ಓದಿ ಹೇಳಿ. ಹಳ್ಳಿಯ ಸಣ್ಣ ರೈತರು ನೇರವಾಗಿ ಮಾರುವಾಗ ಅವರ ಬಳಿ ಪ್ರಮಾಣಪತ್ರ ಇರದಿರಬಹುದು, ಕಾನೂನೂ ಅವರಿಗೆ ಆ ವಿನಾಯಿತಿ ಕೊಟ್ಟಿದೆ. ಅಲ್ಲಿ ಮುದ್ರೆಯನ್ನು ಹುಡುಕಬೇಡಿ, ಅವರ ಆಲೆಮನೆಗೆ ಹೋಗಿ ಕೊಪ್ಪರಿಗೆಯ ಪಕ್ಕ ಏನಿದೆ ನೋಡಿ. ಅಧಿಕಾರದಲ್ಲಿರುವವರಿಗೆ ಹೇಳಬೇಕಾದದ್ದು: ಹೈಡ್ರೋಸ್ ಡಬ್ಬ ಆಲೆಮನೆಯ ತನಕ ಸಲೀಸಾಗಿ ಬರುವುದನ್ನು ತಡೆಯಿರಿ, ಬೆಲ್ಲದ ಸಲ್ಫೈಟ್ ಪರೀಕ್ಷೆ ಮಂಡಿಯಲ್ಲೇ ರೈತರಿಗೆ ಖರ್ಚಿಲ್ಲದೆ ಆಗುವಂತೆ ಮಾಡಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಶ್ವವಿದ್ಯಾಲಯದವರು, ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಇದ್ದಾರೆ. ವಿದ್ಯೆಗೆ ನಮ್ಮಲ್ಲಿ ಕೊರತೆಯಿಲ್ಲ.

ಕೊನೆಗೆ ಕೊಳ್ಳುವ ನಮ್ಮೆಲ್ಲರಿಗೂ ಒಂದು ಮಾತು. ಸಂಕ್ರಾಂತಿಗೆ ಎಳ್ಳುಬೆಲ್ಲಕ್ಕೆ ಅಚ್ಚು ಕತ್ತರಿಸುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಈ ಸಲ ಕಂದು ಬೆಲ್ಲವನ್ನೇ ಕತ್ತರಿಸಿ. ನಿಮ್ಮ ಅಂಗಡಿಯವರಿಗೆ ‘ನಮಗೆ ಬೆಳ್ಳಗಿನದು ಬೇಡ, ಕೆಂಪು ಬೆಲ್ಲ ತರಿಸಿ, ಎರಡು ರೂಪಾಯಿ ಹೆಚ್ಚಾದರೂ ಕೊಡುತ್ತೇವೆ’ ಎಂದು ಹಬ್ಬಕ್ಕೆ ಒಂದು ತಿಂಗಳು ಮೊದಲೇ ಹೇಳಿ. ಅಂಗಡಿಯವರು ಅದನ್ನು ಮಂಡಿಗೆ ಹೇಳುತ್ತಾರೆ, ಮಂಡಿಯವರು ಆಲೆಮನೆಗೆ ಹೇಳುತ್ತಾರೆ. ಆ ಯಜಮಾನರು ತಮ್ಮ ಮನೆಗೆಂದು ಬೇರೆ ಮಾಡಿಕೊಳ್ಳುವ ಬೆಲ್ಲವನ್ನೇ ಆಗ ನಮಗೂ ಮಾಡುತ್ತಾರೆ.